ಹಲ್ಲಿನ ಎನಾಮೆಲ್ ಸವೀದಂಗ ನೋಡ್ಕೊಳ್ಳೋದು ಹೆಂಗ: ಗೋವಾದಾಗಿರೋ ನಮ್ಮ ಮಂದಿಗೆ

ಹಲ್ಲು ಹಳದಿ ಆಗ್ಯಾವ, ತಣ್ಣಂದು ಕುಡದ್ರ ಜುಮ್ ಅಂತಾವ ಅನ್ನೋರು ವಾಸ್ಕೋದಾಗ ನಮ್ಮ ಉತ್ತರ ಕರ್ನಾಟಕದ ಮಂದ್ಯಾಗ ಭಾಳ ಅದಾರ, ಮತ್ತ ಅದಕ್ಕ ಅವ್ರು ಮಾಡೋ ಮೊದಲನೇ ಉಪಾಯ ಅಂದ್ರ ಇನ್ನೂ ಗಟ್ಟಿ ಬ್ರಷ್ ತಂದು ಇನ್ನೂ ಜೋರಾಗಿ ತಿಕ್ಕೋದು. ಇದನ್ನ ಮೊದಲು ನಿಲ್ಲಸ್ರಿ. ಹಲ್ಲಿನ ಮ್ಯಾಲಿನ ಪದರಕ್ಕ ಎನಾಮೆಲ್ ಅಂತಾರ, ಅದರ ಕೆಳಗ ಡೆಂಟಿನ್ ಅಂತ ಇನ್ನೊಂದು ಪದರ ಐತಿ, ಅದರ ಬಣ್ಣನ ಹಳದಿ. ಮ್ಯಾಲಿಂದು ತೆಳ್ಳಗಾದಂಗ ಒಳಗಿನ ಹಳದಿ ಹೊರಗ ಕಾಣಾಕ ಶುರು ಆಗ್ತೈತಿ. ಅಂದ್ರ ಹಳದಿ ಕಂಡಿದ್ದೆಲ್ಲಾ ಹೊಲಸು ಅಲ್ಲ, ಕೆಲವರಿಗೆ ತಿಕ್ಕಿದಷ್ಟೂ ಹಳದಿ ಜಾಸ್ತಿನ ಆಗ್ತೈತಿ, ಅವ್ರು ಮತ್ತಷ್ಟು ತಿಕ್ತಾರ, ಹಿಂಗ ನಡೀತಾನ ಇರ್ತೈತಿ.

ಎನಾಮೆಲ್ ನಮ್ಮ ಮೈಯಾಗಿನ ಎಲ್ಲಾದಕ್ಕಿಂತ ಗಟ್ಟಿ ವಸ್ತು, ಎಲುಬಿಗಿಂತನೂ ಗಟ್ಟಿ. ತೂಕದ ಲೆಕ್ಕದಾಗ ಸುಮಾರು 96 ಪರ್ಸೆಂಟ್ ಬರೇ ಖನಿಜ, ಕ್ಯಾಲ್ಸಿಯಂ ಮತ್ತ ಫಾಸ್ಫೇಟ್ ಕೂಡಿ ಆಗಿರೋ ಹರಳು. ದವಡಿ ಹಲ್ಲಿನ ತುದಿಗೆ ಸುಮಾರು 2.5 ಮಿಲಿಮೀಟರ್ ತನಕ ದಪ್ಪ ಇರ್ತೈತಿ, ವಸಡಿನ ಕಡೆ ಬರ್ತಾ ಬರ್ತಾ ಭಾಳ ತೆಳು. ಇಷ್ಟು ಗಟ್ಟಿ ಇದ್ರೂ ಇದಕ್ಕ ಒಂದು ಕೊರತಿ ಐತಿ, ಇದನ್ನ ಕಟ್ಟೋ ಜೀವಕೋಶಗಳು ಹಲ್ಲು ವಸಡಿಂದ ಹೊರಗ ಬರೋಷ್ಟರಾಗ ಇಲ್ಲದಂಗ ಆಗಿರ್ತಾವ. ಎಲುಬು ಮುರದ್ರ ಕೂಡ್ಕೊಂತೈತಿ, ಚರ್ಮ ಹರದ್ರ ಮಾಯ್ತೈತಿ, ಎನಾಮೆಲ್ ಹೋದ್ರ ಹೋತು, ಅದು ಮತ್ತ ಬೆಳೆಯಂಗಿಲ್ಲ. ಆರನೇ ವರ್ಷಕ್ಕ ಬಂದ ದವಡಿ ಹಲ್ಲು ಅದ ಪದರದ ಮ್ಯಾಲ ಮುಪ್ಪಿನ ತನಕ ಊಟ ಮಾಡಸ್ಬೇಕು.

ಅದು ಹೋಗೋದು ಹೆಂಗ ಅಂತ ಒಮ್ಮಿ ತಿಳ್ಕೊಂಡ್ರ ಏನ್ ಮಾಡ್ಬೇಕು ಅನ್ನೋದು ತಾನ ಗೊತ್ತಾಗ್ತೈತಿ. ಹುಳಿ ಅಳಿಯಾಕ ಪಿಎಚ್ ಅಂತ ಒಂದು ಲೆಕ್ಕ ಐತಿ, 7 ಅಂದ್ರ ಹುಳಿನೂ ಅಲ್ಲ, ಸೋಡಾದಂಥಾ ಕ್ಷಾರನೂ ಅಲ್ಲ, ಕಡಿಮಿ ಆದಂಗ ಹುಳಿ ಜಾಸ್ತಿ. ಬಾಯಾಗ ಪಿಎಚ್ ಸುಮಾರು 5.5 ಕ್ಕಿಂತ ಕೆಳಗ ಇಳಿದ್ರ ಎನಾಮೆಲ್‌ನ ಖನಿಜ ಕರಗಾಕ ಶುರು ಆಗ್ತೈತಿ. ಲಿಂಬಿಹಣ್ಣಿನ ರಸ 2 ರಿಂದ 2.5 ರ ಆಜುಬಾಜು, ಕೋಲಾ 2.5 ರ ಹತ್ರ. ಇದು ನೇರ ಹುಳಿ ಆತು, ಇನ್ನೊಂದು ದಾರಿ ಸಕ್ಕರಿದು, ಹಲ್ಲಿಗೆ ಅಂಟಿರೋ ಬ್ಯಾಕ್ಟೀರಿಯಾ ಸಕ್ಕರಿ, ಬಿಸ್ಕಿಟ್, ಪಾವ್ ಇವನ್ನೆಲ್ಲಾ ತಿಂದು ಆಸಿಡ್ ಬಿಡ್ತಾವ. ಒಮ್ಮಿ ತಿಂದ ಮ್ಯಾಲ ಬಾಯಿ ಮೊದಲಿನಂಗ ಆಗಾಕ ಸಾಮಾನ್ಯವಾಗಿ ಅರ್ಧ ತಾಸು, ಕೆಲವೊಮ್ಮೆ ಒಂದು ತಾಸು ಬೇಕು, ಆ ಕೆಲಸ ಮಾಡೋದು ನಮ್ಮ ಜೊಲ್ಲು. ಜೊಲ್ಲಿನಾಗ ಕ್ಯಾಲ್ಸಿಯಂ, ಫಾಸ್ಫೇಟ್ ಇರ್ತಾವ, ಅದು ಹುಳಿ ಇಳಸ್ತೈತಿ, ಸ್ವಲ್ಪ ಕರಗಿದ ಖನಿಜ ತಿರುಗಿ ಹಲ್ಲಿಗೆ ಸೇರಸ್ತೈತಿ. ಹಂಗಾಗಿ ನಾನು ಎಲ್ಲಾರಿಗೂ ಹೇಳೋದು ಒಂದ: ಎಷ್ಟು ಕುಡದ್ರಿ ಅನ್ನೋದಕ್ಕಿಂತ ಎಷ್ಟು ಸಲ ಕುಡದ್ರಿ, ಎಷ್ಟು ಹೊತ್ತು ಬಾಯಾಗ ಇಟ್ಕೊಂಡ್ರಿ ಅನ್ನೋದ ಮುಖ್ಯ. ಜೊಲ್ಲಿಗೆ ಟೈಮ್ ಸಿಗ್ಬೇಕು, ಟೈಮ್ ಸಿಕ್ರ ಅದು ತನ್ನ ಕೆಲಸ ಮಾಡ್ತೈತಿ.

ಈಗ ಗೋವಾದ ಬ್ಯಾಸಿಗಿ ತಗೋರಿ. ವೆರ್ನಾ ಇಂಡಸ್ಟ್ರಿಯಲ್ ಎಸ್ಟೇಟ್‌ದಾಗ ಶಿಫ್ಟ್ ಮಾಡೋರು, ಬಿಲ್ಡಿಂಗ್ ಕೆಲಸದವರು, ಟ್ಯಾಕ್ಸಿ ಓಡ್ಸೋರು, ಎಲ್ಲಾರೂ ಮುಂಜಾನಿಂದ ಬೆವರು ಸುರಸ್ತಾರ, ನೀರು ಕುಡಿಯೋದು ಮರೀತಾರ. ಮೈಯಾಗ ನೀರು ಕಡಿಮಿ ಆದ್ರ ಜೊಲ್ಲೂ ಕಡಿಮಿ. ಬಾಯಿ ಒಣಗಿದ ಹೊತ್ತಿನಾಗನ ಒಂದು ಕೋಲ್ಡ್ ಡ್ರಿಂಕ್ ಬಾಟ್ಲಿ ತಗೊಂಡು ಒಂದೊಂದ ಗುಟುಕು ಅಂತ ಎರಡು ತಾಸು ಕುಡೀತಾ ಕುಂದ್ರೋದು, ಹಲ್ಲಿಗೆ ಇದಕ್ಕಿಂತ ಕೆಟ್ಟ ಪದ್ಧತಿ ಇಲ್ರಿ, ಯಾಕಂದ್ರ ಪ್ರತಿ ಗುಟುಕಿಗೂ ಪಿಎಚ್ ಕೆಳಗ ಹೋಗ್ತೈತಿ, ಮ್ಯಾಲ ಬರಾಕ ಅವಕಾಶನ ಸಿಗಂಗಿಲ್ಲ. ಡಯಟ್ ಡ್ರಿಂಕ್ ಆದ್ರ ಸಕ್ಕರಿ ಇಲ್ಲಲ್ಲ ಅಂತ ಕೇಳ್ತಾರ, ಸಕ್ಕರಿ ಇಲ್ಲದಿದ್ರೂ ಅದರಾಗ ಫಾಸ್ಫಾರಿಕ್ ಆಸಿಡ್ ಇಲ್ಲಾ ಸಿಟ್ರಿಕ್ ಆಸಿಡ್ ಇದ್ದ ಇರ್ತೈತಿ. ಎನರ್ಜಿ ಡ್ರಿಂಕಿಗೂ ಇದ ಮಾತು. ಏಪ್ರಿಲ್ ಮೇ ತಿಂಗಳದಾಗ ಗೇರುಹಣ್ಣಿನ ದಾರು ಉರಾಕ್ ಬಂತಂದ್ರ ಅದಕ್ಕ ಲಿಂಬಿ ಸೋಡಾ, ಲಿಂಬಿಹಣ್ಣು, ಉಪ್ಪು, ಹಸಿಮೆಣಸಿನಕಾಯಿ ಹಾಕಿ ಮಧ್ಯಾಹ್ನದಿಂದ ಸಂಜಿ ತನಕ ಕುಡಿಯೋ ರೂಢಿ ಇಲ್ಲಿ ಐತಿ, ನಮ್ಮವರೂ ಕಲ್ತಾರ, ಹಲ್ಲಿನ ಲೆಕ್ಕದಾಗ ಅದು ಉದ್ದಕ್ಕೂ ಹುಳಿಯಾಗ ನೆನಸಿಟ್ಟಂಗನ.

ಕೋಕಂ ಶರಬತ್ತು ಒಳ್ಳೇದಲ್ಲೇನು ಅಂತ ಕೇಳಬಹುದು. ಹೊಟ್ಟಿಗೆ ತಂಪು ಇರಬಹುದು, ಬ್ಯಾಡ ಅನ್ನಂಗಿಲ್ಲ, ಆದ್ರ ಕೋಕಂ ಸಿಪ್ಪಿ ಭಾಳ ಹುಳಿ, ಅದಕ್ಕ ಸಕ್ಕರಿನೂ ಸುರೂತಾರ. ಕುಡೀರಿ, ಊಟದ ಜೋಡಿ ಒಂದ ಸಲಕ್ಕ ಕುಡದು ಮುಗಸ್ರಿ, ಬಾಟ್ಲಿಯಾಗ ತುಂಬ್ಕೊಂಡು ದಿನವಿಡೀ ಹೀರಬ್ಯಾಡ್ರಿ. ಊಟದಾಗ ಅನ್ನದ ಮ್ಯಾಲ ಬರೋ ಸೋಲಕಡಿ, ಹುಳಿ ಹಾಕಿದ ಮೀನಿನ ಸಾರು, ನಮ್ಮನ್ಯಾಗಿನ ಹುಣಸಿಹಣ್ಣಿನ ಸಾರು, ಇವುಕ್ಕ ಅಂಜೋ ಕಾರಣ ಇಲ್ಲ, ಊಟ ಅಗಿಯೋವಾಗ ಜೊಲ್ಲು ಚಲೋ ಬರ್ತೈತಿ, ಅನ್ನ ಹುಳಿನ ತೆಳು ಮಾಡ್ತೈತಿ. ಅದ ಹುಣಸಿಹಣ್ಣಿಗೆ ಉಪ್ಪು ಖಾರ ಕುಟ್ಟಿ ಕಡ್ಡಿಗೆ ಚುಚ್ಚಿ ತಾಸುಗಟ್ಲೆ ಚೀಪೋದು, ಮಾವಿನಕಾಯಿ ಹೋಳು, ನೆಲ್ಲಿಕಾಯಿ ದವಡ್ಯಾಗ ಇಟ್ಕೊಂಡು ತಿರುಗಾಡೋದು, ವಿಟಮಿನ್ ಸಿ ಗುಳಿಗಿ ಚೀಪೋದು, ಇವು ಬ್ಯಾರೆ, ಇವು ಸವಸ್ತಾವ.

ಬದಲಿಗೆ ಏನು ಕುಡೀಬೇಕು ಅಂದ್ರ ಮೊದಲು ನೀರು, ಆಮ್ಯಾಲ ಮಜ್ಜಿಗಿ. ಮಜ್ಜಿಗಿ ಹುಳಿ ಇದ್ರೂ ಅದರಾಗ ಕ್ಯಾಲ್ಸಿಯಂ, ಫಾಸ್ಫೇಟ್ ಭಾಳ ಇರೋದ್ರಿಂದ ಎನಾಮೆಲ್ ಕರಗಿಸೋದು ಕಡಿಮಿ, ನಮ್ಮ ಕಡೆ ಊಟ ಮಜ್ಜಿಗಿಲೆ ಮುಗಿಸೋ ಪದ್ಧತಿ ಐತಲ್ಲ, ಅದನ್ನ ಗೋವಾಕ್ಕ ಬಂದ್ವಿ ಅಂತ ಬಿಡಬ್ಯಾಡ್ರಿ. ಹುಳಿ ಪಾನಕ ಕುಡಿಯೋದ ಇದ್ರ ಸ್ಟ್ರಾ ಹಾಕ್ಕೊಂಡು ನಾಲಿಗಿ ಹಿಂದಕ್ಕ ಹೋಗೋ ಹಂಗ ಕುಡೀರಿ, ಬಾಯಾಗ ಆಡಸ್ಬ್ಯಾಡ್ರಿ, ಕುಡದ ಕೂಡ್ಲೇ ಬರೇ ನೀರಿಲೆ ಒಂದೆರಡು ಸಲ ಮುಕ್ಕಳಿಸಿ ಬಿಡ್ರಿ. ಇಷ್ಟಕ್ಕ ರೊಕ್ಕ ಖರ್ಚಿಲ್ಲ, ಆದ್ರ ಇದರಿಂದ ಆಗೋ ಉಪಯೋಗ ದುಬಾರಿ ಪೇಸ್ಟಿಂದನೂ ಆಗಂಗಿಲ್ಲ.

ಚಹಾದ ಮಾತೂ ಹೇಳಬೇಕು. ಚಹಾಕ್ಕಿಂತ ಅದರಾಗಿನ ಸಕ್ಕರಿ, ಜೋಡಿ ತಿನ್ನೋ ಖಾರಿ, ಬಿಸ್ಕಿಟ್ ತೊಂದ್ರಿ. ದಿನಕ್ಕ ಆರೇಳು ಸಲ ಸಕ್ಕರಿ ಚಹಾ ಅಂದ್ರ ಆರೇಳು ಸಲ ಬ್ಯಾಕ್ಟೀರಿಯಾಕ್ಕ ಊಟ. ಎರಡು ಚಹಾ ಸಕ್ಕರಿ ಹಾಕಿ ಕುಡೀರಿ, ಉಳದಿದ್ದು ಸಕ್ಕರಿ ಇಲ್ಲದ ರೂಢಿ ಮಾಡ್ಕೋರಿ.

ತಿಕ್ಕೋ ಟೈಮ್ ಬಗ್ಗೆ ಸ್ವಲ್ಪ ನಿಧಾನಕ್ಕ ಓದ್ರಿ, ಯಾಕಂದ್ರ ಇಲ್ಲಿ ಒಳ್ಳೇ ಉದ್ದೇಶದಿಂದನ ಹಲ್ಲು ಹಾಳು ಮಾಡ್ಕೊಂತಾರ. ಹುಳಿ ತಿಂದ ಮ್ಯಾಲ ಎನಾಮೆಲ್‌ನ ಮ್ಯಾಲ್ಮೈ ಸ್ವಲ್ಪ ಹೊತ್ತು ಮೆತ್ತಗಾಗಿರ್ತೈತಿ. ಆ ಹೊತ್ತಿನಾಗ ಬ್ರಷ್ ಹಚ್ಚೋದು ಅಂದ್ರ ಹಸಿ ಗಿಲಾವಿನ ಮ್ಯಾಲ ಕಸಬರಗಿ ಆಡಿಸಿದಂಗ, ಗಟ್ಟಿ ಆಗಬೇಕಿದ್ದದ್ದು ಉದುರಿ ಹೋಗ್ತೈತಿ. ಅದಕ್ಕ ಲಿಂಬಿ ಶರಬತ್ತು, ಕೋಲ್ಡ್ ಡ್ರಿಂಕ್, ಹುಳಿ ಹಣ್ಣು ಆದ ಮ್ಯಾಲ ಕನಿಷ್ಠ ಅರ್ಧ ತಾಸು, ಸಾಧ್ಯ ಆದ್ರ ಒಂದು ತಾಸು ತಡದು ತಿಕ್ರಿ. ಮುಂಜಾನಿ ನಾಷ್ಟಾಕ್ಕಿಂತ ಮೊದಲ ತಿಕ್ಕಿದ್ರ ಈ ತಕರಾರನ ಇಲ್ಲ. ರಾತ್ರಿ ಮಲಗೋ ಮುಂದ ತಿಕ್ಕೋದನ್ನ ಮಾತ್ರ ಯಾವ ಕಾರಣಕ್ಕೂ ಬಿಡಬ್ಯಾಡ್ರಿ, ನಿದ್ದಿಯಾಗ ಜೊಲ್ಲು ಭಾಳ ಕಡಿಮಿ ಬರ್ತೈತಿ, ಹಲ್ಲಿಗೆ ಕಾವಲು ಇಲ್ಲದ ಹೊತ್ತು ಅದು, ಆಗ ಬಾಯಾಗ ಬಿಸ್ಕಿಟ್ಟಿನ ಚೂರು ಇದ್ರ ಬೆಳಗಾಗೋ ತನಕ ಆಸಿಡ್. ರಾತ್ರಿ ತಿಕ್ಕಿದ ಮ್ಯಾಲ ನೀರು ಬಿಟ್ಟು ಇನ್ನೇನೂ ಬಾಯಿಗೆ ಹೋಗಬಾರದು, ಹಾಲೂ ಸೈತ ತಿಕ್ಕೋಕ್ಕಿಂತ ಮೊದಲ ಕುಡೀರಿ. ನೈಟ್ ಶಿಫ್ಟ್ ಇದ್ದೋರು ಹಗಲು ಮಲಗೋ ಮುಂದ ತಿಕ್ರಿ.

ಬ್ರಷ್ ಸಾಫ್ಟ್ ಅಂತ ಬರದಿರೋದ ತಗೋರಿ, ಹಾರ್ಡ್ ಬ್ರಷ್ ಬಟ್ಟಿ ತಿಕ್ಕಾಕ ಇರ್ಲಿ. ಬ್ರಷ್ಷಿನ ಕೂದಲು ವಸಡು ಹಲ್ಲು ಕೂಡೋ ಜಾಗಕ್ಕ ಸುಮಾರು 45 ಡಿಗ್ರಿ ವಾರೆ ಹಿಡೀರಿ, ಸಣ್ಣ ಸಣ್ಣಗ ಆಡಸ್ರಿ, ಆಮ್ಯಾಲ ವಸಡಿಂದ ಹಲ್ಲಿನ ತುದಿ ಕಡೆ ಎಳೀರಿ. ಗರಗಸ ಆಡಿಸೋ ಹಂಗ ಅಡ್ಡ ಎಳಿಯೋದು ಬ್ಯಾಡ್ರಿ, ಅದರಿಂದನ ಹಲ್ಲಿನ ಬುಡದಾಗ ವಸಡಿನ ಹತ್ರ ತಗ್ಗು ಬೀಳ್ತೈತಿ, ಉಗುರಿಲೆ ಮುಟ್ಟಿದ್ರ ಗೊತ್ತಾಗ್ತೈತಿ, ಅಲ್ಲೇ ಎನಾಮೆಲ್ ಎಲ್ಲಾಕ್ಕಿಂತ ತೆಳು ಇರೋದು ಅಂತ ಮೊದಲ ಹೇಳೀನಿ. ಬಲಗೈಯಾಗ ಬ್ರಷ್ ಹಿಡಿಯೋರಿಗೆ ಎಡಗಡೆ ಹಲ್ಲು ಜಾಸ್ತಿ ಸವದಿರೋದು ಭಾಳ ಸಲ ಕಾಣ್ತೈತಿ, ಆ ಕಡೆ ಕೈ ಜೋರು ಬೀಳ್ತೈತಿ ಅದಕ್ಕ. ಎರಡು ಬೆರಳಿಲೆ ಪೆನ್ನು ಹಿಡದಂಗ ಹಿಡದ್ರ ಜೋರು ಹಾಕಾಕ ಆಗಂಗಿಲ್ಲ. ಎರಡು ನಿಮಿಷ ಸಾಕು. ಬ್ರಷ್ಷಿನ ಕೂದಲು ಒಂದ ತಿಂಗಳದಾಗ ಹೂವಾಗಿ ಅರಳಿದ್ರ ಕೈ ಜೋರು ಐತಿ ಅಂತನ ಅರ್ಥ.

ಪೇಸ್ಟಿನಾಗ ಫ್ಲೋರೈಡ್ ಐತೇನು ನೋಡ್ರಿ, ಬ್ರ್ಯಾಂಡ್ ಯಾವುದಾದ್ರೂ ಇರ್ಲಿ. ಫ್ಲೋರೈಡ್ ಸೇರಿದ ಎನಾಮೆಲ್ ಹರಳು ಹುಳಿಗೆ ಜಾಸ್ತಿ ತಡಕೊಂತೈತಿ, ಅದು ಕರಗಾಕ ಪಿಎಚ್ ಇನ್ನೂ ಕೆಳಗ, ಸುಮಾರು 4.5 ಕ್ಕ ಇಳೀಬೇಕು. ನಮ್ಮ ದೇಶದಾಗ ಪೇಸ್ಟಿನಾಗ ಫ್ಲೋರೈಡ್ 1000 ಪಿಪಿಎಂ (ಅಂದ್ರ ಹತ್ತು ಲಕ್ಷ ಪಾಲಿನಾಗ ಸಾವಿರ ಪಾಲು) ಮೀರಬಾರದು, ಎಷ್ಟೈತಿ ಅಂತ ಟ್ಯೂಬ್ ಮತ್ತ ಡಬ್ಬಿ ಮ್ಯಾಲ ಬರೀಬೇಕು ಅಂತ ನಿಯಮ ಐತಿ, ಹಂಗಾಗಿ ಹುಡುಕಿದ್ರ ಸಿಗ್ತೈತಿ. ಗಿಡಮೂಲಿಕಿ ಪೇಸ್ಟ್ ಅಂತ ಮಾರೋದ್ರಾಗ ಎಷ್ಟೋ ಪೇಸ್ಟಿಗೆ ಫ್ಲೋರೈಡ್ ಇರಂಗಿಲ್ಲ. ತಿಕ್ಕಿದ ಮ್ಯಾಲ ನೊರಿ ಉಗುಳ್ರಿ, ಆದ್ರ ಚೊಂಬುಗಟ್ಲೆ ನೀರು ಹಾಕಿ ಬಾಯಿ ತೊಳೀಬ್ಯಾಡ್ರಿ, ಸ್ವಲ್ಪ ಫ್ಲೋರೈಡ್ ಹಲ್ಲಿನ ಮ್ಯಾಲ ಉಳೀಬೇಕು. ಇದು ನಮ್ಮ ಮಂದಿಗೆ ಸಮಾಧಾನ ಆಗಂಗಿಲ್ಲ, ಬಾಯಿ ತೊಳೀಲಿಲ್ಲ ಅಂದ್ರ ಹಲ್ಲು ತಿಕ್ಕಿದಂಗನ ಅಲ್ಲ ಅಂತಾರ, ಆದ್ರೂ ರಾತ್ರಿ ಹೊತ್ತರ ರೂಢಿ ಮಾಡ್ರಿ.

ಇದ್ದಲಿ ಪುಡಿ, ಬೂದಿ, ಇಟ್ಟಂಗಿ ಪುಡಿ, ಉಪ್ಪು ಇವುನ್ನ ಬಿಟ್ಟು ಬಿಡ್ರಿ. ಚಾರ್ಕೋಲ್ ಪೇಸ್ಟ್ ಅಂತ ಈಗ ಚಂದನ ಟ್ಯೂಬಿನಾಗ ಬರ್ತೈತಲ್ಲ, ಅದರಾಗ ಎಷ್ಟೋ ಪೇಸ್ಟು ಮಾಡೋದು ಇದ್ದಲಿ ಮಾಡಿದ ಕೆಲಸನ, ಉಜ್ಜೋದು. ಮೊಬೈಲಿನಾಗ ಲಿಂಬಿರಸಕ್ಕ ಸೋಡಾಪುಡಿ ಕಲಸಿ ಹಲ್ಲು ಬೆಳ್ಳಗ ಮಾಡೋ ವಿಡಿಯೋ ಬರ್ತಾವ, ಅವುನ್ನ ನೋಡಿ ಮಾಡಿದವರಿಗೆ ಒಂದೆರಡು ದಿನ ಬೆಳ್ಳಗ ಕಾಣ್ತಾವ, ಆಮ್ಯಾಲ ಜುಮ್ ಅನ್ನಾಕ ಶುರು. ಮಿಶ್ರಿ ತಿಕ್ಕೋ ಅಕ್ಕಂದಿರು ಇಲ್ಲಿ ಬಂದ ಮ್ಯಾಲ ಕಲ್ತವರು ಅದಾರ, ಮಿಶ್ರಿ ಅಂದ್ರ ಸುಟ್ಟ ತಂಬಾಕಿನ ಪುಡಿ, ಹಲ್ಲು ಸವಸೋದಂತೂ ಐತಿ, ಬಾಯಿ ಕ್ಯಾನ್ಸರಿನ ಭಯ ಅದಕ್ಕಿಂತ ದೊಡ್ಡದು, ದಯವಿಟ್ಟು ಬಿಡ್ರಿ. ಬೇವಿನ ಕಡ್ಡಿ ತುದಿ ಚಲೋ ಅಗದು ಮೆತ್ತಗ ಮಾಡ್ಕೊಂಡು ಹಗುರಕ ತಿಕ್ಕಿದ್ರ ನಡೀತೈತಿ, ಆದ್ರ ಅದರಾಗ ಫ್ಲೋರೈಡ್ ಸಿಗಂಗಿಲ್ಲ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗಂತನ. ವಾಸ್ಕೋ ಹತ್ರದ ಬೈನಾ, ಝುವಾರಿನಗರ ಕಡೆ ಇರೋರು ಎಷ್ಟೋ ಮಂದಿ ಗದಗ, ಕೊಪ್ಪಳ, ಬಾಗಲಕೋಟಿ, ವಿಜಯಪುರ, ರಾಯಚೂರು ಕಡೆಯವರು. ಆ ಭಾಗದ ಭಾಳ ಊರಾಗ ಬೋರಿನ ನೀರಿನಾಗ ಫ್ಲೋರೈಡ್ ಜಾಸ್ತಿ, ಗದಗ ಜಿಲ್ಲಾದ ಮುಂಡರಗಿ ತಾಲೂಕಂತೂ ಇದಕ್ಕ ಹೆಸರಾಗೈತಿ. ಕುಡಿಯೋ ನೀರಿಗೆ ನಮ್ಮ ದೇಶದ ಮಾನಕ ಒಂದು ಲೀಟರಿಗೆ 1 ಮಿಲಿಗ್ರಾಂ, ಬ್ಯಾರೆ ನೀರು ಇಲ್ಲದಿದ್ರ 1.5 ತನಕ. ಅದಕ್ಕಿಂತ ಜಾಸ್ತಿ ಇರೋ ನೀರು ಸಣ್ಣವರಿದ್ದಾಗ ಕುಡದ್ರ, ಹಲ್ಲು ವಸಡಿನ ಒಳಗ ತಯಾರ ಆಗೋವಾಗನ ಎನಾಮೆಲ್ ಸರಿಯಾಗಿ ಕೂಡಂಗಿಲ್ಲ, ಬಿಳಿ ಮಚ್ಚಿ, ಕಂದು ಗೆರಿ ಬೀಳ್ತಾವ. ಇದಕ್ಕ ಫ್ಲೋರೋಸಿಸ್ ಅಂತಾರ. ಆ ಕಲಿ ಹಲ್ಲಿನ ಮ್ಯಾಲ ಹತ್ತಿದ್ದಲ್ಲ, ಎನಾಮೆಲ್ ಒಳಗನ ಇರೋದು. ಗೋವಾಕ್ಕ ಬಂದು ಹೋಟೆಲಿನಾಗ, ಅಂಗಡ್ಯಾಗ ಕೆಲಸಕ್ಕ ನಿಂತ ಹುಡುಗ್ರು ಹುಡುಗ್ಯಾರು ನಗಾಕ ನಾಚಿ, ಹಲ್ಲು ತಿಕ್ಕಂಗಿಲ್ಲೇನು ಅಂತ ಮಂದಿ ಅಂತಾರಂತ ಹೆದರಿ, ಬೂದಿ ಲಿಂಬಿಹಣ್ಣು ಎಲ್ಲಾ ಹಚ್ಚಿ ತಿಕ್ಕೋದು ನೋಡಿದ್ರ ಹೊಟ್ಟಿ ಉರೀತೈತಿ. ತಿಕ್ಕಿದ್ರ ಆ ಕಲಿ ಹೋಗಂಗಿಲ್ರಿ, ಜೋರಿದ್ದ ಫ್ಲೋರೋಸಿಸ್ ಹಲ್ಲಿನ ಎನಾಮೆಲ್ ಮೊದಲ ಬಲ ಇಲ್ಲದ್ದು, ಚಕ್ಕಿ ಎದ್ದು ಬರ್ತೈತಿ. ಡಾಕ್ಟರ್ ಹತ್ರ ಇದಕ್ಕ ಉಪಾಯ ಅದಾವ, ಹಗುರ ಕಲಿ ಇದ್ರ ಮ್ಯಾಲಿನ ಪದರ ಸೂಕ್ಷ್ಮವಾಗಿ ಸರಿ ಮಾಡ್ತಾರ, ಜಾಸ್ತಿ ಇದ್ರ ಹಲ್ಲಿನ ಬಣ್ಣದ ಕಾಂಪೊಸಿಟ್ ಅನ್ನೋ ಲೇಪ ಹಚ್ತಾರ.

ಹಂಗಾದ್ರ ಫ್ಲೋರೈಡ್ ಪೇಸ್ಟ್ ಹೆಂಗ ಹಚ್ಚೋದು ಅಂತ ಗಾಬರಿ ಆಗೋದು ಸಹಜ. ಈ ಸಂಬಂಧ ಗೊತ್ತಾಗಿದ್ದೂ ಇಂಥಾ ಕಲಿಯಿಂದನ. ಅಮೆರಿಕಾದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901 ರಾಗ ಫ್ರೆಡರಿಕ್ ಮೆಕ್‌ಕೇ ಅನ್ನೋ ಹಲ್ಲಿನ ಡಾಕ್ಟರ್ ಬಂದಾಗ ಅಲ್ಲಿಯವರ ಹಲ್ಲಿನ ಮ್ಯಾಲ ಕಂದು ಕಲಿ ನೋಡಿದ, ಕಲಿ ಇದ್ರೂ ಆ ಹಲ್ಲು ಹುಳ ಹಿಡಿಯೋದು ಕಡಿಮಿ ಅನ್ನೋದೂ ಆಮ್ಯಾಲ ಗೊತ್ತಾತು, 1931 ರಾಗ ಅದಕ್ಕ ಕಾರಣ ನೀರಾಗಿನ ಫ್ಲೋರೈಡ್ ಅಂತ ಪತ್ತೆ ಆತು. ಜಾಸ್ತಿ ಆದ್ರ ಕಲಿ, ಹದಕ್ಕ ಇದ್ರ ರಕ್ಷಣೆ. ಕಾಣೋ ಹಲ್ಲಿನ ಎನಾಮೆಲ್ ತಯಾರ ಆಗೋದು ಸುಮಾರು ಎಂಟು ವರ್ಷದ ಒಳಗ, ದೊಡ್ಡವರು ಪೇಸ್ಟ್ ಹಚ್ಚಿ ಉಗುಳಿದ್ರ ಹೊಸದಾಗಿ ಹಲ್ಲಿಗೆ ಫ್ಲೋರೋಸಿಸ್ ಆಗಂಗಿಲ್ಲ. ಹುಡುಗ್ರಿಗೆ ಅಳತಿ ನೋಡಿ ಹಚ್ಚಬೇಕು: ಮೂರು ವರ್ಷದ ಒಳಗಿದ್ರ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷಕ್ಕ ಬಟಾಣಿ ಕಾಳಿನಷ್ಟು, ನುಂಗದಂಗ ಮುಂದ ನಿಂತು ನೋಡ್ಬೇಕು. ಏಳೆಂಟು ವರ್ಷದ ತನಕ ಹುಡುಗ್ರ ಹಲ್ಲು ತಾಯಿತಂದೀನ ತಿಕ್ಕಬೇಕು, ಅವುಕ್ಕ ಕೈ ತಿರುಗಂಗಿಲ್ಲ. ಹಾಲಿನ ಹಲ್ಲಿನ ಎನಾಮೆಲ್ ಇನ್ನೂ ತೆಳು, ಬಾಟ್ಲಿ ಬಾಯಾಗಿಟ್ಟು ಮಲಗಸೋದು, ನಿಪ್ಪಲ್ಲಿಗೆ ಜೇನುತುಪ್ಪ ಸಕ್ಕರಿ ಹಚ್ಚೋದು, ಅಳೋದು ನಿಲ್ಲಿಸಾಕ ಜ್ಯೂಸ್ ಪ್ಯಾಕೆಟ್ ಕೈಗೆ ಕೊಡೋದು ಬ್ಯಾಡ್ರಿ. ಊರಿಗೆ ರಜಾಕ್ಕ ಕಳಿಸಿದಾಗ ಬೋರಿನ ನೀರು ಬಿಟ್ಟು ಶುದ್ಧ ನೀರಿನ ಘಟಕದ ನೀರು ಕುಡಿಸ್ರಿ ಅಂತ ಅಜ್ಜಿಗೆ ಹೇಳಿ ಕಳಸ್ರಿ.

ಹೊಟ್ಟಿ ಒಳಗಿಂದ ಬರೋ ಹುಳಿ ಹೊರಗಿನ ಹುಳಿಗಿಂತ ಕೆಟ್ಟದು. ಬಸುರಿ ಇದ್ದಾಗ ವಾಂತಿ, ಎಸಿಡಿಟಿ, ಗಂಟಲಕ್ಕ ಹುಳಿ ಬರೋದು, ಕುಡದು ವಾಂತಿ ಮಾಡ್ಕೊಳ್ಳೋದು, ಇವೆಲ್ಲಾದರಾಗೂ ಮ್ಯಾಲಿನ ಮುಂದಿನ ಹಲ್ಲಿನ ಒಳಮೈ ಸವೀತೈತಿ, ಕನ್ನಡಿಯಾಗ ಕಾಣೋ ಜಾಗ ಅಲ್ಲ ಅದು, ಅದಕ್ಕ ತಡವಾಗಿ ಗೊತ್ತಾಗ್ತೈತಿ. ವಾಂತಿ ಆದ ಕೂಡ್ಲೇ ಬಾಯಿ ವಾಸನಿ ಅಂತ ಪೇಸ್ಟ್ ಹಚ್ಚಿ ತಿಕ್ತಾರ, ಹಂಗ ಮಾಡಬ್ಯಾಡ್ರಿ. ಒಂದು ಗ್ಲಾಸ್ ನೀರಿಗೆ ಒಂದು ಚಹಾ ಚಮಚಾ ತಿನ್ನೋ ಸೋಡಾ ಕಲಸಿ ಮುಕ್ಕಳಿಸಿ ಉಗುಳ್ರಿ, ಅದು ಹುಳಿ ಇಳಸ್ತೈತಿ, ಬ್ರಷ್ ಒಂದು ತಾಸು ಆದ ಮ್ಯಾಲ. ಎಸಿಡಿಟಿ ವಾರಗಟ್ಲೆ ಇದ್ರ ಹೊಟ್ಟಿದ್ದ ಔಷಧ ತಗೋಬೇಕು, ಅದು ಬಿಟ್ಟು ಹಲ್ಲಿಗೆ ಏನ್ ಮಾಡಿದ್ರೂ ನಿಲ್ಲಂಗಿಲ್ಲ.

ಅಡಕಿ ಗಟ್ಟಿ ಚೂರು ದಿನವಿಡೀ ಕಡಿಯೋರ ದವಡಿ ಹಲ್ಲು ಮಟ್ಟಸ ಆಗಿರ್ತಾವ, ಮ್ಯಾಲಿನ ಎನಾಮೆಲ್ ಪೂರ್ತಿ ಹೋಗಿ ನಡುವ ಹಳದಿ ತಗ್ಗು ಕಾಣ್ತೈತಿ. ಗುಟ್ಕಾ ತಂಬಾಕು ಸುಣ್ಣದ ಮಾತಂತೂ ಬ್ಯಾರೆ ಹೇಳಬೇಕಾಗಿಲ್ಲ. ಬಾಟ್ಲಿ ಮುಚ್ಚಳ ಹಲ್ಲಿಲೆ ತಗಿಯೋದು, ಬರ್ಫ ಕಡಿಯೋದು, ಟೇಲರ್ ಕೆಲಸದವರು ದಾರ ಹಲ್ಲಿಲೆ ಹರಿಯೋದು, ಇದರಿಂದ ಅಂಚು ಚಕ್ಕಿ ಏಳ್ತೈತಿ. ನಿದ್ದಿಯಾಗ ಹಲ್ಲು ಕಡಿಯೋರು ಅದಾರ, ಅವ್ರಿಗೆ ಗೊತ್ತಿರಂಗಿಲ್ಲ, ಬಾಜೂಕ ಮಲಗಿದವರಿಗೆ ಗೊತ್ತಿರ್ತೈತಿ, ಮುಂಜಾನಿ ಎದ್ದಾಗ ದವಡಿ ನೋಯ್ತಿದ್ರ ಸಂಶಯ ಪಡ್ರಿ, ಡಾಕ್ಟರ್ ಅಳತಿ ತಗೊಂಡು ರಾತ್ರಿ ಹಲ್ಲಿಗೆ ಹಾಕ್ಕೊಳ್ಳೋ ನೈಟ್ ಗಾರ್ಡ್ ಮಾಡಿ ಕೊಡ್ತಾರ.

ಬಿಪಿ ಗುಳಿಗಿ, ಅಲರ್ಜಿ ಗುಳಿಗಿ ಕೆಲವು ಬಾಯಿ ಒಣಗಸ್ತಾವ, ಸಕ್ಕರಿ ಕಾಯಿಲಿನೂ ಒಣಗಸ್ತೈತಿ. ಗುಳಿಗಿ ಬಿಡಬ್ಯಾಡ್ರಿ, ನೀರು ಮ್ಯಾಲಿಂದ ಮ್ಯಾಲ ಕುಡೀರಿ, ಸಕ್ಕರಿ ಇಲ್ಲದ ಚ್ಯೂಯಿಂಗ್ ಗಮ್ ಅಗದ್ರ ಜೊಲ್ಲು ಬರ್ತೈತಿ.

ಯಾವಾಗ ತೋರಸ್ಬೇಕು ಅಂದ್ರ, ತಣ್ಣಂದು ಸಿಹಿ ತಾಗಿದ್ರ ಜುಮ್ ಅನ್ನೋದು ಒಂದೆರಡು ವಾರ ನಿಲ್ಲದಿದ್ರ, ಮುಂದಿನ ಹಲ್ಲಿನ ಅಂಚು ಗಾಜಿನಂಗ ಆರಪಾರ ಕಾಣಾಕ ಹತ್ತಿದ್ರ, ದವಡಿ ಹಲ್ಲಿನ ಮ್ಯಾಲ ಸಣ್ಣ ಬಟ್ಟಲದಂಗ ತಗ್ಗು ಬಿದ್ರ. ವಸಡಿನ ಹತ್ರ ಸುಣ್ಣದಂಥಾ ಬಿಳಿ ಮಚ್ಚಿ ಹೊಸದಾಗಿ ಕಂಡ್ರ ಲಗೂನ ಹೋಗ್ರಿ, ಅದು ಹುಳ ಹಿಡಿಯೋದರ ಮೊದಲನೇ ಹಂತ, ತಗ್ಗು ಬೀಳೋಕ್ಕಿಂತ ಮೊದಲ ಆದ್ರ ಫ್ಲೋರೈಡ್ ವಾರ್ನಿಷ್ ಅನ್ನೋ ಲೇಪ ಹಚ್ಚಿ ಖನಿಜ ತಿರುಗಿ ಕೂಡ್ಸಾಕ ಬರ್ತೈತಿ. ತಗ್ಗು ಬಿದ್ದ ಮ್ಯಾಲ ಸಿಮೆಂಟ್, ಕಾಂಪೊಸಿಟ್, ಕ್ಯಾಪ್ ಇವೇ ದಾರಿ. ಕ್ಲೀನಿಂಗ್ ಮಾಡಿಸಿದ್ರ ಎನಾಮೆಲ್ ಹೋಗ್ತೈತಿ, ಹಲ್ಲು ಅಲುಗ್ತಾವ ಅಂತ ಹೆದರೋದು ಬ್ಯಾಡ, ಅವ್ರು ತಗಿಯೋದು ಮ್ಯಾಲ ಗಟ್ಟಿ ಆಗಿ ಕುಂತ ಪಾಚಿ.

ಪ್ರೈವೇಟ್ ಖರ್ಚು ತಡಕೊಳ್ಳಾಕ ಆಗದವರಿಗೆ ಬಾಂಬೋಳಿಮ್‌ದಾಗ ಗೋವಾ ಡೆಂಟಲ್ ಕಾಲೇಜ್ ಐತಿ, ಜಿಎಂಸಿ (ಗೋವಾ ಮೆಡಿಕಲ್ ಕಾಲೇಜ್) ದವಾಖಾನಿ ಹತ್ರನ, ಸರ್ಕಾರಿದು. ವಾಸ್ಕೋದಿಂದ ಕೊರ್ತಾಲಿಮ್ ಮ್ಯಾಲೆ ಪಣಜಿಗೆ ಹೋಗೋ ಬಸ್ಸು ಹತ್ತಿ ಬಾಂಬೋಳಿಮ್‌ಗೆ ಇಳೀರಿ, ಮುಂಜಾನಿ ಲಗೂ ಹೋಗ್ರಿ. ತಗೊಳ್ಳೋ ಗುಳಿಗಿ ಚೀಟಿ ಜೋಡಿ ಇರ್ಲಿ. ಯಾವ ಊರಾಗ ಬೆಳದ್ರಿ, ಬೋರಿನ ನೀರು ಕುಡದೀರೇನು, ದಿನಕ್ಕ ಏನೇನು ಕುಡೀತೀರಿ, ಅಡಕಿ ಮಿಶ್ರಿ ಐತೇನು ಅನ್ನೋದು ಮುಚ್ಚಿಡದ ಹೇಳ್ರಿ, ಹಲ್ಲು ಹುಳಿಯಿಂದ ಸವದೈತೋ ಬ್ರಷ್ಷಿಂದ ಸವದೈತೋ ಊರ ನೀರಿಂದ ಹಿಂಗ ಐತೋ ಅಂತ ಅವ್ರು ಅದರ ಮ್ಯಾಲ ನಿರ್ಧಾರ ಮಾಡ್ತಾರ, ಮೂರಕ್ಕೂ ಔಷಧ ಬ್ಯಾರೆ ಬ್ಯಾರೆ.